ನನ್ನ ಮುಷ್ಟಿಗೆ ತಕ್ಕ ಬಾರ್

ಮಾರ್ಚ್ ೧೪, ಶನಿವಾರ

ಕೊನೆಗೂ ಭಾರ ಎತ್ತುವ ಬಾರ್‌ಬೆಲ್ ಬಂತು, ಹೆಂಗಸರದ್ದೇ. ಅಂಗಡಿಯವನು ಮೊದಲು ಗುಲಾಬಿ ಬಣ್ಣದ ಗಿಡ್ಡ ಸರಳೊಂದನ್ನು ಮುಂದಿಟ್ಟು, "ಮನೇಲಿ ಮಾಡೋಕೆ ಇಷ್ಟು ಸಾಕು ಮೇಡಂ" ಎಂದ. ದಿನವಿಡೀ ವಾರ್ಡಿನಲ್ಲಿ ರೋಗಿಗಳನ್ನು ಎತ್ತಿ ಮಗ್ಗುಲು ಬದಲಿಸುವ ನರ್ಸಿಗೆ ಹೇಳುವ ಮಾತೇ ಅದು? ಗಂಡಸರ ಬಾರ್ ಹಿಡಿದು ನೋಡಿದೆ. ದಪ್ಪ, ಹೆಬ್ಬೆರಳು ಸುತ್ತಿ ಬರಲಿಲ್ಲ. ಹದಿನೈದು ಕೆಜಿಯ ಈ ತೆಳು ಬಾರಿಗೆ ಮುಷ್ಟಿ ಬಿಗಿಯಾಗಿ ಕೂತಿತು. ಅಲ್ಲಿಗೆ ತೀರ್ಮಾನವಾಯಿತು.

ಉದ್ದ ನೋಡುವುದನ್ನೇ ಮರೆತಿದ್ದೆ. ಮಲಗುವ ಕೋಣೆಯಲ್ಲಿ ಕಪಾಟಿಗೆ ತಾಗುತ್ತದೆ. ಜಾಗವಿರುವುದು ಅತ್ತೆಯ ಮಂಚದ ಪಕ್ಕದಲ್ಲಿ ಮಾತ್ರ. ಅವರನ್ನು ಎತ್ತಿ ಕುರ್ಚಿಗೆ ಕೂರಿಸುವಾಗ ನನ್ನ ಸೊಂಟ ಹಿಡಿದುಕೊಂಡದ್ದರಿಂದಲೇ ಇದೆಲ್ಲ ಶುರುವಾದದ್ದು. ಅದನ್ನು ಅವರಿಗೆ ಹೇಳಿರಲಿಲ್ಲ.

ಸಂಜೆ ಬಾರಿನ ಎರಡೂ ಕಡೆ ಹತ್ತು ಹತ್ತು ಕೆಜಿಯ ಪ್ಲೇಟ್ ಹಾಕಿ ಎತ್ತಿದೆ. ಬೆನ್ನು ನೆಟ್ಟಗಿತ್ತು. ಅತ್ತೆ ರೆಪ್ಪೆ ಬಡಿಯದೆ ನೋಡುತ್ತಿದ್ದರು.

"ಈಗ ಎಷ್ಟಾಯ್ತು?"

"ಮೂವತ್ತೈದು, ಅತ್ತೆ."

"ನಾನು ಐವತ್ತೆರಡು ಕೆಜಿ ಇದೀನಿ. ಮೊದ್ಲು ಅಷ್ಟು ಎತ್ತು. ಅಲ್ಲೀವರೆಗೆ ನನ್ನನ್ನ ನಿನ್ನ ಗಂಡಾನೇ ಎತ್ತಲಿ. ಅಷ್ಟರಲ್ಲಿ ನಿನ್ನ ಸೊಂಟಾನೂ ಸರಿಹೋಗತ್ತೆ."

ಬಾಗಿಲಲ್ಲಿ ನಿಂತಿದ್ದ ಇವರು ಮೆಲ್ಲಗೆ ತಮ್ಮ ಸೊಂಟ ಮುಟ್ಟಿ ನೋಡಿಕೊಂಡರು.

ಅಂದರೆ ಅತ್ತೆಗೆ ಎಲ್ಲ ಗೊತ್ತಿತ್ತು. ಐವತ್ತೆರಡು ಎತ್ತೇ ಎತ್ತುತ್ತೇನೆ, ಆಮೇಲೆ ಅವರನ್ನು ಕುರ್ಚಿಯವರೆಗಲ್ಲ, ಹೊರಗಿನ ಬಿಸಿಲಿನವರೆಗೂ...