ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು

ಫುನಾಬೊರಿ, ಟೋಕಿಯೋ
25 ನವೆಂಬರ್ 2025, ಮಂಗಳವಾರ

ಪ್ರೀತಿಯ ಸರಸೂ,

ನಿನಗೆ ಬೇಕಾದ ಸುದ್ದಿಯನ್ನು ಮೊದಲು ಹೇಳಿಬಿಡುತ್ತೇನೆ, ಆಮೇಲೆ ನಿಧಾನಕ್ಕೆ ಬೈಯುವಿಯಂತೆ. ನಿನ್ನ ಮಗಳು ಹರ್ಷಿಣಿಗೆ ಒಂದು ಗೀರೂ ಆಗಿಲ್ಲ. ಹೋದ ವರ್ಷ ಮುರಿದಿದ್ದ ಎಡಗೈ ಮಣಿಕಟ್ಟು ಗಟ್ಟಿಯಾಗಿದೆ. ಈಗ ಅದೇ ಕೈಯಲ್ಲಿ ಬಾಣಲೆ ಹಿಡಿದು ಒಲೆ ಮುಂದೆ ನಿಂತಿದ್ದಾಳೆ. ಗೀರು ಬಿದ್ದಿದ್ದು ಕಾರಿಗೆ ಮತ್ತು ನನ್ನ ಮರ್ಯಾದೆಗೆ. ಕಾರಿಗಾದರೆ ಬಣ್ಣ ಬಳಿಯುತ್ತಾರೆ.

ನಿಂಬೆಹಣ್ಣಿನ ಗಲಾಟೆಯನ್ನು ನಿನ್ನ ತಮ್ಮ ಪದ್ಮನಾಭನ ಬಾಯಿಂದ ಕೇಳಿರುತ್ತೀಯ. ನಾನು ಅವನಿಗೆ ಫೋನಿನಲ್ಲಿ ಹೇಳಿದ್ದೇ ಅರ್ಧ. ಅವನು ಅದಕ್ಕೆ ಒಗ್ಗರಣೆ ಹಾಕಿ, ಭಾವನನ್ನು ಜಪಾನಿನಲ್ಲಿ ಅರೆಸ್ಟ್ ಮಾಡಿದ್ದಾರೆ ಎಂದು ಅರ್ಧ ದಾವಣಗೆರೆಗೆ ಹಂಚಿದ್ದಾನಂತೆ. ಅರೆಸ್ಟ್ ಏನೂ ಇಲ್ಲ ಕಣೇ. ಕುರ್ಚಿ ಹಾಕಿ ಕೂರಿಸಿ, ಹಸಿರು ಟೀ ಕೊಟ್ಟು ವಿಚಾರಿಸಿದರು. ಇಲ್ಲಿ ಬೈಯುವುದಕ್ಕೆ ಮೊದಲು ಟೀ ಕೊಡುತ್ತಾರೆ, ನಿನಗೇ ಗೊತ್ತಲ್ಲ. ಎಷ್ಟು ಒಳ್ಳೆಯ ಟೀ ಕೊಟ್ಟರೋ ಅಷ್ಟು ದೊಡ್ಡ ತಪ್ಪು ಅಂತ ಲೆಕ್ಕ. ನನಗೆ ಕೊಟ್ಟಿದ್ದು ಬಹಳ ಒಳ್ಳೆಯ ಟೀ.

ಇದನ್ನೆಲ್ಲ ಫೋನಿನಲ್ಲಿ ಹೇಳೋಣವೆಂದರೆ ಮೊದಲನೇ ಜೋಕಿಗೇ ನೀನು ಕಟ್ ಮಾಡುತ್ತೀಯ. ಕಾಗದವಾದರೆ ಕೊನೆವರೆಗೂ ಓದಬೇಕು, ಇಲ್ಲ ಹರಿಯಬೇಕು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನ ಅಕ್ಷರ, ಸ್ವಲ್ಪ ಸಹಿಸಿಕೋ.

ಹೋದ ವರ್ಷ ನೀನು ದಾವಣಗೆರೆಗೆ ಹೊರಟು ನಿಂತ ದಿನ ಬಾಗಿಲಲ್ಲಿ ಹೇಳಿದ್ದೆಯಲ್ಲ, "ಅವಳಿಗೆ ಆ ಕಾರು ಸಾಕು ಅನ್ಸೋವರೆಗೂ ನಾನು ಈ ಮನೇಗೆ ಕಾಲಿಡಲ್ಲ ರೀ" ಅಂತ. ಅವಳಿಗೆ ಇನ್ನೂ ಸಾಕು ಅನ್ನಿಸಿಲ್ಲ. ಆದರೆ ಒಂದು ನ್ಯಾಯದ ಮಾತು ಹೇಳಲಾ? ಶುರು ಮಾಡಿದ್ದು ನಾವೇ. ಇಲ್ಲಿನ ನಮ್ಮ ಸ್ನೇಹಿತ ನವೀನನ ಮಗನ ಹುಟ್ಟುಹಬ್ಬಕ್ಕೆ ಮಕ್ಕಳನ್ನೆಲ್ಲ ಆ ಪುಟ್ಟ ಪುಟ್ಟ ಕಾರು ಓಡಿಸುವ ಜಾಗಕ್ಕೆ ಕರೆದುಕೊಂಡು ಹೋಗಿದ್ದು ನೆನಪಿದೆಯಾ? ಒಂಬತ್ತು ವರ್ಷದ ಹುಡುಗಿ ಗಂಡುಹುಡುಗರನ್ನೆಲ್ಲ ಹಿಂದೆ ಹಾಕಿ ಬಂದು, ಹೆಲ್ಮೆಟ್ ಕೂಡ ತೆಗೆಯದೆ "ಮೋ ಇಕ್ಕಾಯ್!" ಅಂದಳು, ಇನ್ನೊಂದು ಸಲ ಅಂತ. ಆ ಇನ್ನೊಂದು ಸಲಕ್ಕೆ ಚೀಟಿ ತಂದವಳು ಯಾರು? ನೀನೇ. ನಾನು ಆಗ ಕೇಕು ತಿನ್ನುತ್ತಿದ್ದೆ.

ಆ ಇನ್ನೊಂದು ಸಲ ಹನ್ನೊಂದು ವರ್ಷ ಆದರೂ ಮುಗಿದಿಲ್ಲ. ಪುಟ್ಟ ಕಾರಿನಿಂದ ಸ್ವಲ್ಪ ದೊಡ್ಡ ಕಾರು, ಅಲ್ಲಿಂದ ಇಬಾರಾಕಿಯ ಬೆಟ್ಟದ ಹತ್ತಿರ ಕುರೋದಾ ಸಾನ್ ಗ್ಯಾರೇಜಿನಲ್ಲಿ ಕೆಲಸ, ಹದಿನೆಂಟು ತುಂಬಿದ ಕೂಡಲೇ ಅವರ ಸ್ಟಾಕ್ ಕಾರಿನ ಸ್ಟೇರಿಂಗು. ಅಕ್ಕಪಕ್ಕದವರು ಕೇಳಿದರೆ ನೀನು ಏನು ಹೇಳುತ್ತೀಯೋ ಗೊತ್ತಿಲ್ಲ, ನಾನಂತೂ ಹೀಗೆ ಹೇಳುತ್ತೇನೆ: ಹೊರಗಿನಿಂದ ನೋಡಿದರೆ ಸೊಪ್ಪು ತರಲು ಹೋಗುವ ಹಳೇ ಕಾರು. ಒಳಗೆ ಸೀಟು ಒಂದೇ, ಸುತ್ತ ಕಬ್ಬಿಣದ ಪಂಜರ. ಟ್ರ್ಯಾಕು ಮೊಟ್ಟೆಯ ಆಕಾರದ್ದು, ಅಂಚಿಗೆಲ್ಲ ಕಾಂಕ್ರೀಟ್ ಗೋಡೆ. ಎಡಕ್ಕೆ ತಿರುಗಬೇಕು, ಮತ್ತೆ ಎಡಕ್ಕೇ ತಿರುಗಬೇಕು. ಬಲಕ್ಕೆ ತಿರುಗಿದವರನ್ನು ಕ್ರೇನಿನಲ್ಲಿ ಎತ್ತುತ್ತಾರೆ.

ಹೋದ ವರ್ಷ ಇವಳು ಕಾರು ಗುದ್ದಿ ಕೈ ಮುರಿದುಕೊಂಡಿದ್ದು ಮೂರನೇ ತಿರುವಿನ ಗೋಡೆಗೆ. ಆಮೇಲೆ ಇವಳು ಆ ತಿರುವಿನಲ್ಲಿ ಗೋಡೆಯ ಕಡೆಗೆ ಹೋಗಿದ್ದೇ ಇಲ್ಲ. ಹಿಂದೆ ಬಿದ್ದರೂ ಪರವಾಗಿಲ್ಲ ಅಂತ ಒಳಗಿನ ಅಂಚು ಹಿಡಿದೇ ತಿರುಗುತ್ತಿದ್ದಳು. ಕುರೋದಾ ಸಾನ್ ಅದನ್ನು ನೋಡಿಯೂ ಒಂದು ಮಾತು ಆಡಿದವರಲ್ಲ. ನಾನೂ ಆಡಲಿಲ್ಲ. ನನಗೆ ಅದು ಒಳ್ಳೆಯದೇ ಅನ್ನಿಸುತ್ತಿತ್ತು.

ಭಾನುವಾರದ್ದು ವರ್ಷದ ಕೊನೆಯ ರೇಸು. ಮೊದಲ ಐದರೊಳಗೆ ಬಂದರೆ ಮೇಲಿನ ಕ್ಲಾಸು. ಅಲ್ಲಿ ಒಂದು ದೊಡ್ಡ ಟೀಮು ಇವಳಿಗಾಗಿ ಸೀಟು ಇಟ್ಟುಕೊಂಡು ಕಾಯುತ್ತಿತ್ತು. ಬರದಿದ್ದರೆ ಏನೂ ಇಲ್ಲ. ಕುರೋದಾ ಸಾನ್‌ಗೆ ಎಪ್ಪತ್ತಾಯಿತು, ಈ ಕಾರನ್ನು ಇನ್ನೊಂದು ವರ್ಷ ಎಳೆಯಲಾರೆ ಎಂದು ಮೊದಲೇ ತಿಳಿಸಿದ್ದರು. ಇವಳು ಗ್ಯಾರೇಜಿನಲ್ಲಿ ಬೇರೆಯವರ ಕಾರಿಗೆ ಆಯಿಲ್ ಬದಲಿಸಿಕೊಂಡು ಇರಬೇಕಾಗಿತ್ತು. ಶನಿವಾರ ರಾತ್ರಿ ಇವಳು ಇಡ್ಲಿ ಮುಟ್ಟಲಿಲ್ಲ. ನನ್ನ ಇಡ್ಲಿ ಬಿಡುವ ಹುಡುಗಿಯಾ ಅವಳು?

ಬೆಳಗ್ಗೆ ನಾನು ಎಂದಿನಂತೆ ಟೀಮಿನ ಅಡುಗೆಯವನಾಗಿ ಸಾಂಬಾರಿನ ಡಬ್ಬ ಹೊತ್ತುಕೊಂಡು ಹೋದೆ. ಟೀಮಿನವರೆಲ್ಲ ಡ್ರೈವರ್‌ಗಳ ಮೀಟಿಂಗಿಗೆ ಹೋದರು. ಕಾರಿನ ಜೊತೆ ನಾನೊಬ್ಬನೇ ಉಳಿದೆ. ಜೇಬಿನಿಂದ ನಾಲ್ಕು ನಿಂಬೆಹಣ್ಣು ತೆಗೆದೆ, ಅರಿಶಿನ ಕುಂಕುಮ ಹಚ್ಚಿದೆ, ಚಕ್ರಕ್ಕೊಂದರಂತೆ ಇಟ್ಟೆ, ಕೈ ಮುಗಿದೆ. ದಾವಣಗೆರೆಯಲ್ಲಿ ಸ್ಕೂಟರಿಗೂ ಇಡುತ್ತೇವೆ, ಇದರಲ್ಲೇನು ವಿಶೇಷ ಅಂದುಕೊಂಡೆ. ಇಲ್ಲಿನ ನಿಂಬೆಗೆ ಸಿಪ್ಪೆ ದಪ್ಪ. ಕಾರು ಹೊರಟಾಗ ನಾಲ್ಕೂ ಪಟಾಕಿಯ ಹಾಗೆ ಸಿಡಿದವು. ಎಂಜಿನ್ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ರೇಸಿಗೆ ಮೊದಲು ಯಾರು ಎಷ್ಟನೇ ಜಾಗದಲ್ಲಿ ನಿಲ್ಲಬೇಕು ಎಂದು ಒಬ್ಬೊಬ್ಬರನ್ನೇ ಓಡಿಸಿ ನೋಡುತ್ತಾರೆ. ಇವಳು ಎರಡನೆಯವಳಾದಳು! ಕುರೋದಾ ಸಾನ್ ನನ್ನ ಬೆನ್ನು ಗುದ್ದಿದರು. ನಾನು ಮನಸ್ಸಿನಲ್ಲೇ ನಿಂಬೆಹಣ್ಣಿಗೆ ನಮಸ್ಕಾರ ಹಾಕಿದೆ.

ಆಗ ಬಂದರು ಒನೋದೆರಾ ಸಾನ್. ಕಾರುಗಳನ್ನು ತಪಾಸಣೆ ಮಾಡುವ ಹಿರಿಯರು, ಬಿಳಿ ಕೈಗವಸು, ಇಸ್ತ್ರಿ ಮಾಡಿದ ಟೋಪಿ. ಟೈರಿನ ಹತ್ತಿರ ಮೂಗು ತಂದರು. ಇನ್ನೊಂದು ಟೈರು ಮೂಸಿದರು. ಚಕ್ರದ ಒಳಗಿನಿಂದ ಚಿಮಟದಲ್ಲಿ ಒಂದು ಹಳದಿ ಸಿಪ್ಪೆ ಎಳೆದು ತೆಗೆದರು. ನಾನು ಸಾಂಬಾರಿನ ಡಬ್ಬದ ಹಿಂದೆ ಸರಿದೆ.

ನನಗೆ ಹೇಗೆ ಗೊತ್ತಿರಬೇಕು ಹೇಳು? ಟೈರು ಮೆತ್ತಗಾಗಿ ನೆಲ ಕಚ್ಚಿಕೊಳ್ಳಲಿ ಎಂದು ಕೆಲವು ಕಳ್ಳರು ಕದ್ದುಮುಚ್ಚಿ ಒಂದು ಎಣ್ಣೆ ಹಚ್ಚುತ್ತಾರಂತೆ. ಸಿಕ್ಕಿಬಿದ್ದರೆ ರೇಸಿನಿಂದಲೇ ಹೊರಗೆ. ಆ ಎಣ್ಣೆಯ ವಾಸನೆ ಹೇಗಿರುತ್ತದೆ ಗೊತ್ತಾ? ಥೇಟ್ ನಿಂಬೆಹಣ್ಣಿನ ಹಾಗೆ.

ಹರ್ಷಿಣಿಯನ್ನು ಕರೆದರು. ಅವಳಿಗೆ ತಲೆಬುಡ ಗೊತ್ತಿಲ್ಲ. ಟೋಪಿ ಕೈಯಲ್ಲಿ ಹಿಡಿದು ಬಗ್ಗಿ ಬಗ್ಗಿ ಸುಮಿಮಾಸೆನ್, ಕ್ಷಮಿಸಿ ಕ್ಷಮಿಸಿ, ಅನ್ನುತ್ತಿದ್ದಾಳೆ, ಕಣ್ಣು ಕೆಂಪಗಿದೆ. ಆಗ ನಾನು ಏಪ್ರನ್ ಕಟ್ಟಿಕೊಂಡೇ ಮಧ್ಯೆ ನುಗ್ಗಿದೆ. "ಅದು ನಾನು, ನಾನೇ, ಎಲ್ಲ ನಂದೇ ತಲೆ" ಎಂದು ನನಗೆ ಬರುವ ಅಷ್ಟೂ ಜಪಾನಿ ಭಾಷೆಯನ್ನು ಒಂದೇ ಉಸಿರಿಗೆ ಖರ್ಚು ಮಾಡಿದೆ. ಅವರಿಗೆ ಅರ್ಥವಾಗಲಿಲ್ಲ. ಅಪ್ಪ ಪ್ರತಿ ಚಕ್ರದ ಕೆಳಗೂ ಹಣ್ಣು ಇಟ್ಟರಂತೆ ಎಂದು ಹರ್ಷಿಣಿ ತರ್ಜುಮೆ ಮಾಡಿದಳು. ಯಾಕೆ ಎಂದರು. ದೃಷ್ಟಿ ತಾಗದಿರಲಿ ಅಂತ. ಯಾರ ದೃಷ್ಟಿ? ಇದಕ್ಕೆ ಏನು ಹೇಳುವುದು? ಎಲ್ಲರದ್ದೂ ಎಂದೆ. ಒನೋದೆರಾ ಸಾನ್ ಒಂದು ಹೆಜ್ಜೆ ಹಿಂದೆ ಸರಿದರು, ಪಾಪ.

ಒಳಗೆ ಕರೆದುಕೊಂಡು ಹೋಗಿ ಕೂರಿಸಿ ಟೀ ಕೊಟ್ಟಿದ್ದು ಆಗ. ಮಾಡಿ ತೋರಿಸಿ ಎಂದರು. ಜೇಬಿನಲ್ಲಿ ಕುಂಕುಮದ ಪೊಟ್ಟಣ ಇತ್ತು. ಟೀ ತಟ್ಟೆಯಲ್ಲಿದ್ದ ಕಿತ್ತಳೆಯನ್ನೇ ನಿಂಬೆ ಅಂದುಕೊಂಡು, ಒನೋದೆರಾ ಸಾನ್ ಕುರ್ಚಿಯ ಗಾಲಿಗೆ ಪೂಜೆ ಮಾಡಿ ತೋರಿಸಿದೆ. ನಾಲ್ಕು ಜನ ಅಧಿಕಾರಿಗಳು ನಗದೆ, ಕೈ ಕಟ್ಟಿಕೊಂಡು ನೋಡಿದರು. ಮುಗಿದ ಮೇಲೆ ಒನೋದೆರಾ ಸಾನ್ ನಿಧಾನವಾಗಿ ಏನೋ ಹೇಳಿದರು. ಹರ್ಷಿಣಿ ತಲೆ ತಗ್ಗಿಸಿಕೊಂಡೇ ನನಗೆ ಹೇಳಿದಳು: "ಅವರೂ ಹೊಸ ಕಾರ್ ತಗೊಂಡಾಗ ಶ್ರೈನ್‌ಗೆ ತಗೊಂಡ್ ಹೋಗಿ ಪೂಜೆ ಮಾಡಿಸ್ತಾರಂತೆ ಅಪ್ಪಾ. ನೀನು ಚೀಟ್ ಮಾಡಿಲ್ಲ ಅಂತ ನಂಬ್ತಾರಂತೆ. ಬಟ್ ರೂಲ್ ಈಸ್ ರೂಲ್."

ಶಿಕ್ಷೆ ಏನು ಗೊತ್ತಾ? ರೇಸಿನಿಂದ ತೆಗೆಯಲಿಲ್ಲ. ಆದರೆ ಬೆಳಗಿನ ಓಟ ಲೆಕ್ಕಕ್ಕಿಲ್ಲ, ಟೈರು ಬದಲಿಸಬೇಕು, ಎಲ್ಲರಿಗಿಂತ ಕೊನೆಯಲ್ಲಿ ನಿಲ್ಲಬೇಕು. ಎರಡನೇ ಜಾಗದಿಂದ ಹದಿನೆಂಟನೇ ಜಾಗಕ್ಕೆ. ಮಗಳ ಹನ್ನೊಂದು ವರ್ಷವನ್ನು ನಾಲ್ಕು ನಿಂಬೆಹಣ್ಣಿನಲ್ಲಿ ಹಿಂಡಿಬಿಟ್ಟೆನಲ್ಲ ಸರಸೂ, ಆಗ ಒಂದು ಜೋಕೂ ಹೊಳೆಯಲಿಲ್ಲ ನನಗೆ. ನೀನಿದ್ದಿದ್ದರೆ ಆಶ್ಚರ್ಯಪಡುತ್ತಿದ್ದೆ.

ಹರ್ಷಿಣಿ ಬೈಯಲಿಲ್ಲ. ಹೆಲ್ಮೆಟ್ ಹಾಕಿಕೊಳ್ಳುತ್ತಾ "ಅಪ್ಪಾ, ಇಡ್ಲಿ ಇದ್ಯಾ?" ಎಂದು ಕೇಳಿದಳು. ಎರಡು ಕೊಟ್ಟೆ. ನಿಂತುಕೊಂಡೇ ತಿಂದಳು. "ಲಾಸ್ಟಲ್ಲಿ ನಿಂತ್ರೆ ಹಿಂದೆ ಯಾರೂ ಇರಲ್ಲ, ಟೆನ್ಶನ್ನೇ ಇಲ್ಲ" ಅಂದಳು. ಈ ಮಾತು ನನ್ನ ಕಡೆಯಿಂದ ಬಂದಿದ್ದು, ಗ್ಯಾರಂಟಿ. ಆಮೇಲೆ ಟ್ರ್ಯಾಕಿನ ಕಡೆ ತಿರುಗಿ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ ಕಾರಿನ ಕಿಟಕಿಯೊಳಗೆ ನುಸುಳಿದಳು.

ರೇಸನ್ನು ಪೂರ್ತಿ ನೋಡಿದೆ ಅಂತ ಸುಳ್ಳು ಹೇಳುವುದಿಲ್ಲ. ಬಹಳ ಹೊತ್ತು ಸಾಂಬಾರಿನ ಡಬ್ಬವನ್ನೇ ನೋಡುತ್ತಿದ್ದೆ. ಕುರೋದಾ ಸಾನ್ ಪಕ್ಕದಲ್ಲಿ ರೇಡಿಯೋ ಹಿಡಿದು ನಿಂತಿದ್ದರು, ಅವರ ದನಿಯಿಂದಲೇ ಅಂದಾಜು. ಹದಿನಾಲ್ಕು ಅಂದರು, ಹನ್ನೊಂದು ಅಂದರು. ಮುಂದೆ ಇಬ್ಬರು ಒಬ್ಬರಿಗೊಬ್ಬರು ತಾಗಿ ಗಿರಗಿರ ತಿರುಗಿದರು, ಇವಳು ನಡುವೆ ದಾರದ ಹಾಗೆ ತೂರಿ ಒಂಬತ್ತಾದಳು. ಆಮೇಲೆ ಎಂಟು, ಏಳು, ಆರು. ಅಲ್ಲಿಗೆ ನಿಂತುಹೋಯಿತು. ಐದನೆಯದು ಒಂದು ನೀಲಿ ಕಾರು. ಇವಳು ಒಳಗೆ ನುಗ್ಗಿದರೆ ಅವನೂ ಒಳಗೇ ಬಂದು ಅಡ್ಡ ನಿಲ್ಲುತ್ತಾನೆ. ಇವಳು ಹೊರಗೆ ಹೋಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ಇಡೀ ಟ್ರ್ಯಾಕಿಗೇ ಗೊತ್ತಿತ್ತು.

ಕೊನೆಯ ಸುತ್ತು. ಎದ್ದು ನಿಂತೆ. ಮೂರನೇ ತಿರುವು. ನೀಲಿ ಕಾರು ಒಳಗೆ. ನಮ್ಮ ಕಾರು ಹೊರಗೆ ಹೋಯಿತು ಸರಸೂ, ಗೋಡೆಯ ಪಕ್ಕಕ್ಕೇ. ಒಂದು ಕೈ ಅಗಲವೂ ಜಾಗ ಇರಲಿಲ್ಲ. ಕನ್ನಡಿ ಕಿತ್ತು ಹಾರಿತು. ಆಗ ರೇಡಿಯೋದಲ್ಲಿ ಒಂದೇ ಒಂದು ಮಾತು ಬಂತು. ಜಪಾನಿ ಅಲ್ಲ, ಇಂಗ್ಲಿಷ್ ಅಲ್ಲ.

"ಅಮ್ಮಾ!"

ಅಷ್ಟೇ. ಆ ಕಡೆಯಿಂದ ಹೊರಗೆ ಬಂದಾಗ ನಮ್ಮ ಕಾರಿನ ಮೂತಿ ನೀಲಿ ಕಾರಿಗಿಂತ ಮುಂದಿತ್ತು. ಐದನೆಯವಳು! ನಾನು ಸೌಟು ಹಿಡಿದುಕೊಂಡೇ ಕುಣಿದೆ, ಯಾರ ಯಾರ ಮೇಲೋ ಸಾಂಬಾರು ಬಿತ್ತು. ಅವರೂ ಬಗ್ಗಿ ನನಗೇ ಸುಮಿಮಾಸೆನ್ ಅಂದರು.

ಆಮೇಲೆ ಕುರೋದಾ ಸಾನ್ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು, ಆ ಅಮ್ಮಾ ಅಂದರೆ ಏನು, ನಿಮ್ಮ ಭಾಷೆಯಲ್ಲಿ ಬ್ರೇಕಾ ಎಂದು. ಅಲ್ಲ, ಆಕ್ಸಿಲರೇಟರ್ ಎಂದೆ. ಅವರು ನಂಬಿಬಿಟ್ಟಿದ್ದಾರೆ. ನಿನ್ನೆ ಗ್ಯಾರೇಜಿನಲ್ಲಿ ಟ್ರಕ್ ಹಿಂದೆ ತೆಗೆಯುತ್ತಿದ್ದ ಹುಡುಗನಿಗೆ "ಅಮ್ಮಾ, ಅಮ್ಮಾ" ಎಂದು ಕೂಗುತ್ತಿದ್ದರಂತೆ. ಹರ್ಷಿಣಿ ಬಂದು ಹೇಳಿದಳು. ನೀನು ಬಂದಾಗ ನೀನೇ ತಿದ್ದು, ನನ್ನ ಕೈಲಿ ಆಗುವುದಿಲ್ಲ.

ಒನೋದೆರಾ ಸಾನ್ ಕೂಡ ಹೊರಡುವ ಮೊದಲು ಬಂದರು. ದೇವಸ್ಥಾನದಲ್ಲಿ ಕೊಡುವ ಪುಟ್ಟ ಕೆಂಪು ರಕ್ಷಾಚೀಲ, ತಮ್ಮ ಕಾರಿನದನ್ನೇ ಬಿಚ್ಚಿ ತಂದಿದ್ದರು. ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟು, ಮುಂದಿನ ಸಲ ಇದನ್ನು ಕಟ್ಟಿ, ಇದರಲ್ಲಿ ರಸ ಇಲ್ಲ ಎಂದರು. ಮುಖ ಮಾತ್ರ ಮೊದಲಿನ ಹಾಗೇ ಗಂಟು. ಜೋಕು ಹೇಳಿ ನಗದೇ ಇರುವುದನ್ನು ಈ ಜನರಿಂದ ಕಲಿಯಬೇಕು.

ಹೊಸ ಟೀಮಿನ ಮೊದಲ ರೇಸು ಏಪ್ರಿಲ್‌ನಲ್ಲಿ. ಮನೆಯವರಿಗೆ ಅಂತ ಎರಡು ಕುರ್ಚಿ ಕೊಡುತ್ತಾರಂತೆ, ಮೂರನೇ ತಿರುವಿಗೆ ನೇರ ಎದುರು. ನೀನು ಬಾ ಎಂದು ನಾನು ಕರೆಯುವುದಿಲ್ಲ. ಕರೆದರೆ ಬರುವವಳಲ್ಲ ನೀನು. ನಿನ್ನ ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ಹಾಕಿಸಿದ್ದೇನೆ, ಬಾಲ್ಕನಿಯ ತುಳಸಿ ಬದುಕಿದೆ ಎಂದಷ್ಟೇ ತಿಳಿಸುತ್ತೇನೆ. ಏಪ್ರಿಲ್‌ನಲ್ಲಿ ಇಲ್ಲಿ ಚಳಿ ಇರುವುದಿಲ್ಲ. ನಿನಗೆ ಗೊತ್ತಿರುವುದೇ.

ಇಂತಿ,
ನಿನ್ನ ಗಂಡ, ಜಪಾನಿನಲ್ಲಿ ಕುರ್ಚಿಗೆ ಪೂಜೆ ಮಾಡಿದ ಮೊದಲನೇ ಕನ್ನಡಿಗ,
ಬಸವರಾಜ

ತಾ. ಕ.: ಶನಿವಾರ ನೀನು ಫೋನು ಮಾಡಿದ್ದನ್ನು ಮೇಲೆ ಎಲ್ಲೂ ಬರೆದಿಲ್ಲ, ನೋಡಿದೆಯಲ್ಲ. "ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಡ್ರಿ, ಒಂದೇ ಅಳತೇದು ನೋಡಿ ತಗೊಳ್ರಿ, ನಾನು ಹೇಳ್ದೆ ಅಂತ ಮಾತ್ರ ಅವಳಿಗೆ ಹೇಳಬೇಡ್ರಿ" ಎಂದಿದ್ದೆಯಲ್ಲ. ಹೇಳಿಲ್ಲ. ಅಧಿಕಾರಿಗಳಿಗೂ ಹೇಳಿಲ್ಲ, ಪದ್ಮನಾಭನಿಗೂ ಹೇಳಿಲ್ಲ. ಆದರೆ ಈಗ ತಾನೇ ಒಲೆ ಹತ್ತಿರದಿಂದ ಹರ್ಷಿಣಿ ಕೇಳಿದಳು: "ಅಪ್ಪಾ, ಲೆಮನ್ ಐಡಿಯಾ ಅಮ್ಮಂದು ಅಲ್ವಾ? ನೀನ್ ಆಗಿದ್ರೆ ಒಂದಿಟ್ಟು ಮೂರು ಉಪ್ಪಿನಕಾಯಿಗೆ ಉಳಿಸ್ತಿದ್ದೆ." ನಾನು ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಅವಳು ಬಾಣಲೆಯ ಕಡೆ ತಿರುಗಿಕೊಂಡು ಅನ್ನ ಕಲಸಿದಳು. ಆಮೇಲೆ ಅಂದಳು: "ಅಮ್ಮಂಗೆ ಬರಿ, ಏಪ್ರಿಲ್‌ಗೆ ಅವರೇ ಬಂದು ಲೆಮನ್ ಇಡಲಿ. ಬಟ್ ರೇಸ್ ಆದ್ಮೇಲೆ, ಪಾರ್ಕಿಂಗಲ್ಲಿ."

ಮನೆಯಲ್ಲಿ ಉಳಿದಿದ್ದ ನಿಂಬೆಹಣ್ಣು ಹಿಂಡಿ ಚಿತ್ರಾನ್ನ ಮಾಡಿದ್ದಾಳೆ, ಜೀವಮಾನದಲ್ಲಿ ಮೊದಲ ಸಲ. "ಅಪ್ಪಾ, ಗೋಹನ್, ಊಟ! ಬರ್ದಿದ್ದು ಸಾಕು ಬಾ, ಆರೋಗುತ್ತೆ" ಎಂದು ಕೂಗುತ್ತಿದ್ದಾಳೆ. ಹೋಗುತ್ತೇನೆ. ಉಪ್ಪು ಸರಿಯಾಗಿದೆಯೋ ಇಲ್ಲವೋ, ಏಪ್ರಿಲ್‌ನಲ್ಲಿ ನೀನೇ ತಿಂದು ನೋಡು.