ನೀರು ತಾಗಬಾರದ ದೋಣಿಯಂತ್ರ

ಜಿಲ್ಲೆಯ ಗ್ರಾಹಕರ ದೂರು ಆಲಿಸುವ ಪೀಠದ ಅಧ್ಯಕ್ಷರಿಗೆ,

ಮಾನ್ಯರೇ,

ದೋಣಿಗೆಂದೇ ಮಾರಿದ ಯಂತ್ರ ನೀರು ತಾಗಿ ಕೆಟ್ಟರೆ ಮಾರಿದವರು ಹೊಣೆಗಾರರಲ್ಲ ಎಂದು ತಾವು ಆದೇಶ ಕೊಟ್ಟಿದ್ದೀರಿ. ಎಲ್ಲಾದರೂ ತಮಾಷೆ ಅಡಗಿದೆಯೇನೋ ಎಂದು ಮತ್ತೆ ಮತ್ತೆ ಓದಿದೆ. ಇಲ್ಲ, ಗಂಭೀರವಾಗಿಯೇ ಬರೆದಿದ್ದೀರಿ. ಹಾಗಾದರೆ ನೇಗಿಲಿಗೆ ಮಣ್ಣು ತಾಗಿತು, ಒಲೆಗೆ ಬೆಂಕಿ ತಾಗಿತು ಎಂದೂ ಅಂಗಡಿಯವರು ನಾಳೆ ಕೈತೊಳೆದುಕೊಳ್ಳಬಹುದಲ್ಲವೇ?

ಮುನವಳ್ಳಿಯ ಹತ್ತಿರ ಮಲಪ್ರಭೆಯ ಹಿನ್ನೀರಿನಲ್ಲಿ ನಾನು ಮೋಟರ್ ದೋಣಿ ನಡೆಸುತ್ತೇನೆ. ಆಚೆ ದಡದ ಹೊಲಗಳಿಗೆ ಕೂಲಿಗೆ ಹೋಗುವ ಹೆಂಗಸರು ಅದರಲ್ಲೇ ದಾಟಬೇಕು. ರಸ್ತೆ ಹಿಡಿದು ಸುತ್ತಿದರೆ ಅರ್ಧ ದಿನ ದಾರಿಗೇ ಹೋಗುತ್ತದೆ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರಿನ ಗೋಡೆಗಳು ಇಂದಿಗೂ ಆ ನೀರಿನಡಿ ನಿಂತಿವೆ. ನನ್ನ ಅಜ್ಜನ ಮನೆಯ ಗೋಡೆಯೂ ಅವುಗಳಲ್ಲೊಂದು. ಬೇಸಿಗೆಯಲ್ಲಿ ನೀರಿಳಿದರೆ ಅವು ದೋಣಿಯ ತಳದ ಸಮೀಪಕ್ಕೆ ಬರುತ್ತವೆ, ಕೆಸರಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆಂದೇ, ಕೆಳಗೆ ಎಷ್ಟು ಆಳವಿದೆ ಎಂದು ಪರದೆಯ ಮೇಲೆ ತೋರಿಸುವ ಯಂತ್ರವನ್ನು ಬೈಲಹೊಂಗಲದ ಅಂಗಡಿಯೊಂದರಲ್ಲಿ ಕೊಂಡೆ. ಅದು ನಡೆಯುತ್ತಿರಬೇಕೆಂಬುದು ನನ್ನ ಪರವಾನಿಗೆಯ ಷರತ್ತೂ ಹೌದು.

ಯುಗಾದಿಗೆ ತಂದ ಯಂತ್ರದ ಪರದೆ ಮಳೆ ಹಿಡಿಯುವ ಮೊದಲೇ ಕಪ್ಪಾಯಿತು. ಒಯ್ದರೆ ಅಂಗಡಿಯ ಮೇಜಿನ ಮೇಲೆ ಚೆನ್ನಾಗಿ ಬೆಳಗಿತು. "ದೋಷ ಇದರಾಗ ಇಲ್ಲರಿ, ನಿಮ್ಮ ದೋಣ್ಯಾಗ ಐತಿ" ಎಂದರು. ಶ್ರಾವಣದಲ್ಲಿ ಮತ್ತೆ ಕೆಟ್ಟಾಗ ಬೇರೆಯದನ್ನು ಕೊಟ್ಟರು. ಅಂದು ಅಮಾವಾಸ್ಯೆ. ಮಾಲೀಕರೇ ಅದಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದು, ಅದರ ನೀರು ಚಿಮುಕಿಸಿ ನನ್ನ ಕೈಗಿತ್ತರು. "ನೀರಿಗೆ ಇಳಿಯೋ ಸಾಮಾನರಿ ಅಣ್ಣಾರ, ಪೂಜಿ ಮಾಡದ ಹೆಂಗ ಕೊಡೂಣು?" ಗಣಪತಿ ಕಳಿಸುವಷ್ಟರಲ್ಲಿ ಅದೂ ಸತ್ತಿತು. ಒಳಗೇನೋ ಬದಲಿಸಿ ಮರಳಿಸಿದರು.

ಹೋಳಿ ಕಳೆದ ಮೇಲೆ ಒಂದು ಮುಂಜಾನೆ ಪರದೆ ಹನ್ನೆರಡು ಅಡಿ ನೀರಿದೆ ಎಂದು ತೋರಿಸುತ್ತಿರುವಾಗಲೇ ದೋಣಿ ಗೋಡೆಗೆ ಗುದ್ದಿತು. ಕೂಲಿಗೆ ಹೊರಟು ಮುಂದೆ ಕುಳಿತಿದ್ದ ಪದ್ಮವ್ವ ಅಂಚಿಗೆ ಬಿದ್ದು ಮುಂಗೈ ಮುರಿದುಕೊಂಡಳು. ಆಕೆಗೆ ಈಜು ಬಾರದು. ಒಂದು ಗೇಣು ಆಚೆ ಬಿದ್ದಿದ್ದರೆ ಈ ಪತ್ರವನ್ನು ತಮಗಲ್ಲ, ಪೊಲೀಸರಿಗೆ ಬರೆಯಬೇಕಾಗುತ್ತಿತ್ತು. ಅಷ್ಟು ನೋವಿನಲ್ಲೂ ಆಕೆ ಹೇಳಿದ್ದು: "ವಿರೂಪಾಕ್ಷಣ್ಣಾ, ನಿಮ್ಮ ಮಿಷನ್ ಸುಳ್ಳ ಹೇಳ್ತು. ನಿಮ್ಮಜ್ಜನ ಗ್ವಾಡಿ ಖರೇ ಹೇಳ್ತು ನೋಡ್ರಿ."

ಆಗ ಕಂಪನಿಯ ತಂತ್ರಜ್ಞ ಮನೆಗೆ ಬಂದ. ಯಂತ್ರ ಬಿಚ್ಚುವ ಮೊದಲು ನನ್ನ ತಾಯಿ ಸಿದ್ದಲಿಂಗವ್ವನನ್ನು ಮೆಲ್ಲಗೆ ಕೇಳಿದ: "ಆಯಿ, ಇದಕ್ಕ ಪೂಜಿ ಗೀಜಿ ಮಾಡೀರೇನ್ರಿ?"

"ಮಾಡದ ಬಿಡ್ತೇವೇನೋ ತಮ್ಮಾ? ಮಹಾನವಮಿ ಖಂಡೇಪೂಜಿಗೆ ನೀರ ಚುಮುಕಿಸಿ ಕಾಯಿ ಒಡದೇವಿ. ಹಂಗ ಹೋಗಬ್ಯಾಡ, ಚಾ ಕುಡದ ಹೋಗು."

ಅವನು ಚಹಾ ಕುಡಿದು ಹೋದ. ಹೋಗಿ ಬರೆದ: "ಯಂತ್ರದ ಮೇಲೆ ದ್ರವ ಸುರಿದಿರುವುದನ್ನು ಗ್ರಾಹಕರ ಕುಟುಂಬವೇ ಒಪ್ಪಿಕೊಂಡಿದೆ." ಆ ಒಂದು ಸಾಲಿನ ಮೇಲೆ ತಮ್ಮ ಇಡೀ ಆದೇಶ ನಿಂತಿದೆ. ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಮೊದಲೇ ಮೂರು ಸಲ ಕೆಟ್ಟದ್ದು ಯಾರ ತಂಬಿಗೆಯ ನೀರಿನಿಂದ? ಮಾಲೀಕರು ಚಿಮುಕಿಸಿದ ಕಾಯಿನೀರು ಒಣ ಪದಾರ್ಥವೇ? ಸುರಿಯುವ ಮಳೆಯಲ್ಲಿ ತೆರೆದ ದೋಣಿಯಲ್ಲಿ ನಿಂತ ಯಂತ್ರ ನನ್ನ ತಾಯಿಯ ನಾಲ್ಕು ಹನಿಗೆ ಸತ್ತಿತೇ?

ಇದು ಸಾಲದೆಂಬಂತೆ, ದೋಣಿಯಿಂದ ದುಡಿಯುವ ನಾನು ವ್ಯಾಪಾರಿ, ಗ್ರಾಹಕನೇ ಅಲ್ಲ ಎಂದಿದ್ದೀರಿ. ಹೊಟ್ಟೆಪಾಡಿಗೆ ಸ್ವಂತ ದುಡಿಮೆ ಮಾಡುವವನು ಕೊಂಡ ವಸ್ತು ವಾಣಿಜ್ಯ ಉದ್ದೇಶದ್ದಲ್ಲ ಎಂದು ಕಾಯ್ದೆಯೇ ವಿವರಿಸಿದೆ. ನಾನು ಓದಿದ್ದೇನೆ. ತಮಗೆ ಬಿಡುವಾಗಿರಲಿಕ್ಕಿಲ್ಲ. ಸವದತ್ತಿಯ ಗ್ರಾಹಕರ ದಿನಾಚರಣೆಯಲ್ಲಿ "ಗ್ರಾಹಕನೇ ದೊರೆ" ಎಂದು ತಾವು ಭಾಷಣ ಮಾಡಿದಾಗ ಎರಡನೇ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದವನು ನಾನು. ಆ ಚಪ್ಪಾಳೆಯನ್ನು ಹಿಂದಕ್ಕೆ ಪಡೆಯಲು ಯಾವ ಕಚೇರಿಗೆ ಅರ್ಜಿ ಹಾಕಬೇಕು?

ದೋಣಿಯನ್ನು ದಡಕ್ಕೆ ಕಟ್ಟಿದ್ದೇನೆ. ಹೆಂಗಸರು ಟೆಂಪೋದಲ್ಲಿ ಸುತ್ತುತ್ತಿದ್ದಾರೆ. ಪರವಾನಿಗೆ ಬರುವ ಬೇಸಿಗೆಗೆ ಮುಗಿಯುತ್ತದೆ. ನಡೆಯುವ ಯಂತ್ರವಿಲ್ಲದೆ ಅದು ಮತ್ತೆ ಸಿಗದು. ಇದೆಲ್ಲಕ್ಕಿಂತ ಹೆಚ್ಚು ಚುಚ್ಚುವುದು ಬೇರೆ. ಈ ಮಹಾನವಮಿಗೆ ನನ್ನ ತಾಯಿ ಕುಡಗೋಲಿಗೆ, ಕೊಡಲಿಗೆ ಪೂಜೆ ಮಾಡಿ, ದೋಣಿಯ ಹತ್ತಿರ ಬಂದು ತಂಬಿಗೆ ಹಿಡಿದು ನಿಂತುಬಿಟ್ಟಳು. "ನಾನಽ ಕೆಡಿಸಿದ್ನೇನೋ ಯಪ್ಪಾ?" ಎಂದಳು.

ಆದ್ದರಿಂದ ನನ್ನ ಬೇಡಿಕೆ. ದೂರನ್ನು ಮತ್ತೆ ವಿಚಾರಣೆಗೆ ತೆಗೆದುಕೊಳ್ಳಿ. ಕಂಪನಿಯವರು ಹೊಸ ಯಂತ್ರವೊಂದನ್ನು ತಂದು ಪೀಠದ ಮೇಜಿನ ಮೇಲಿಡಲಿ. ಅವರ ವಕೀಲರೇ ಅದರ ಮೇಲೆ ಒಂದು ತಂಬಿಗೆ ನೀರು ಹಾಕಲಿ. ಯಂತ್ರ ನಡೆದರೆ, ಸಿದ್ದಲಿಂಗವ್ವನ ಪೂಜೆಯಿಂದ ಕೆಟ್ಟಿಲ್ಲ ಎಂದು ಬರೆಯಿರಿ. ನಿಂತರೆ, ಇದು ದೋಣಿಗೆ ಮಾರುವ ವಸ್ತುವಲ್ಲ ಎಂದು ಬರೆಯಿರಿ. ಯಾವುದನ್ನು ಬರೆದರೂ ಸರಿ, ಕನ್ನಡದಲ್ಲಿ ಬರೆಯಿರಿ. ನನ್ನ ತಾಯಿಗೆ ಓದಿ ಹೇಳಬೇಕಾಗಿದೆ.

ಇಂತಿ,
ತಮ್ಮ ಆದೇಶದಂತೆ ಗ್ರಾಹಕನಲ್ಲದ, ಅಂಗಡಿಯ ರಸೀದಿಯಂತೆ ಗ್ರಾಹಕನಾದ,
ವಿರೂಪಾಕ್ಷ, ಮುನವಳ್ಳಿ