ಛತ್ರದವನಿಗೊಂದು ಕರೆ

ಆತ್ಸೊಂಪಾ
2 ಡಿಸೆಂಬರ್ 1963

ನನ್ನ ಮುದ್ದಿನ ಅಮ್ಮ,

ನೀನು ಅಜ್ಜಿಯಾಗುತ್ತೀಯ. ಕುಳಿತುಕೊಂಡು ಓದು ಎಂದು ಮೊದಲು ಬರೆಯಬೇಕಿತ್ತು, ಪೆನ್ನು ಕೇಳಲಿಲ್ಲ. ಸೂಲಗಿತ್ತಿ ನಿನ್ನೆ ಹೊಟ್ಟೆ ಮುಟ್ಟಿ ನೋಡಿ ಮೂರು ತಿಂಗಳು ಎಂದಳು. ಹಸಿಂತೊ ಖುಷಿಯಲ್ಲಿ ಕತ್ತೆಗೂ ಬೆಲ್ಲ ತಿನ್ನಿಸಿದ. ಮದುವೆಯಾಗಿ ಇಷ್ಟು ದಿನವಾದರೂ ಅವನು ಬಾಗಿಲಲ್ಲಿ ಕಂಡರೆ ನನ್ನ ಕೈಯಲ್ಲಿದ್ದದ್ದು ಕೆಳಗೆ ಬೀಳುತ್ತದೆ. ಕುಂಬಾರರ ಮನೆಯಲ್ಲಿ ಅದು ಒಳ್ಳೆಯ ಅಭ್ಯಾಸವಲ್ಲ ನೋಡು.

ಸನ್ಯಾಸಿನಿಯರ ಇಂಗ್ಲಿಷ್ ಶಾಲೆಯಲ್ಲಿ ಪಿಯಾನೊ ಕಲಿತ ನಿನ್ನ ಮಗಳು ಈಗ ಜೇಡಿಮಣ್ಣು ತುಳಿಯುತ್ತಾಳೆ. "ಇಂಗ್ಲಿಷ್ ಓದಿರೋ ಕಾಲು ಕಣಮ್ಮ, ಮಣ್ಣು ಹೆದರ್ಕೊಂಡೇ ಹದ ಆಗತ್ತೆ" ಎಂದು ಅತ್ತೆ ಗೇಲಿ ಮಾಡುತ್ತಾರೆ.

ಅಪ್ಪನಿಗೂ ಹೇಳುತ್ತೀಯಲ್ಲ? ಅವರು ಮದುವೆಗೆ ಬರಲಿಲ್ಲವೆಂದು ನನಗೆ ಸಿಟ್ಟಿಲ್ಲ. "ಆ ಮನೆಗೆ ಹೆಣ ಕಳಿಸಿದೀನಿ. ಈಗ ಮಗಳನ್ನ ಕೊಡ್ತೀನಿ ಅಂತ ಯಾವ ಮುಖ ಹೊತ್ಕೊಂಡು ಹೋಗ್ಲಿ" ಎಂದು ಅವರು ನಿನಗೆ ಹೇಳಿದ್ದು ನನಗೂ ಕೇಳಿಸಿತ್ತು.

ಆ ಸಂಜೆಯ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ನಾನು ಬರೆದೇ ಬಿಡುತ್ತೇನೆ. ಎರಡು ವರ್ಷದ ಹಿಂದೆ, ಕ್ರಿಸ್ಮಸ್ಸಿನ ಮುನ್ನಾದಿನ. ಮರಿಯ, ಜೋಸೆಫರ ಬೊಂಬೆ ಹೊತ್ತ ಮೆರವಣಿಗೆ ಆ ವರ್ಷ ನಮ್ಮ ಮನೆಗೆ ಬರುವುದಿತ್ತು. ಹೊರಗಿನವರು ತಂಗಲು ಜಾಗ ಬೇಡಿ ಹಾಡಬೇಕು, ಒಳಗಿನವರು ಇಲ್ಲವೆಂದು ಹಾಡಬೇಕು, ಕೊನೆಯ ಚರಣಕ್ಕೆ ಬಾಗಿಲು ತೆರೆಯಬೇಕು. ಜಾಗವಿಲ್ಲವೆನ್ನುವ ಛತ್ರದವನ ಪಾಲನ್ನು ಅಪ್ಪನಷ್ಟು ಚೆನ್ನಾಗಿ ಹಾಡುವವರು ತೆವಾಕಾನ್‌ನಲ್ಲೇ ಇಲ್ಲ. ಬಾಗಿಲು ಬಡಿದ ಸದ್ದಾಯಿತು. "ಒಳಗೆ ಬಿಡಿ, ನಿಮ್ಮ ದಮ್ಮಯ್ಯ" ಎಂದು ಯಾರೋ ಕೂಗಿದರು. "ಈ ಸಲದ ಜೋಸೆಫ ಶ್ರುತಿನೇ ಬಿಟ್ಟಿದಾನಲ್ಲೋ" ಎಂದು ಚಿಕ್ಕಪ್ಪ ನಕ್ಕ. ಜಾಗವಿಲ್ಲ ಎಂದು ಅಪ್ಪ ಗಂಟಲೆತ್ತಿ ಹಾಡಿದರು, ನಾವೆಲ್ಲ ದನಿಗೂಡಿಸಿದೆವು. ಮತ್ತೆ ಬಡಿತ, ಮತ್ತೆ ಹಾಡು. ಆಮೇಲೆ ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ನಿಜವಾದ ಮೆರವಣಿಗೆ ಬಂತು. ಅದು ಹಾಡಲಿಲ್ಲ, ಚೀರಿತು. ಮಡಕೆ ಮಾರಲು ನಮ್ಮೂರಿಗೆ ಬಂದಿದ್ದ ನಿಕಾನೊರ್ ಕಳ್ಳರ ಚೂರಿ ತಿಂದು ನಮ್ಮ ಹೊಸ್ತಿಲ ಮೇಲೆ ಬಿದ್ದಿದ್ದ. ಹೆಣ ಒಯ್ಯಲು ಬಂದ ಅವನ ತಮ್ಮನಿಗೆ ನಾನು ಕಾಫಿ ಕೊಟ್ಟೆ. ಹಸಿಂತೊನನ್ನು ನಾನು ಮೊದಲು ಕಂಡದ್ದು ಹಾಗೆ.

ಅಂದಿನಿಂದ ಅಪ್ಪ ಮುಂಬಾಗಿಲು ತೆಗೆದಿಲ್ಲ. ನೀವೆಲ್ಲ ಹಿತ್ತಿಲಿನಿಂದ ಓಡಾಡುತ್ತೀರಿ. ಯೇಸು ಹುಟ್ಟಿದ ಗೋದಲಿಯ ಬೊಂಬೆಗಳು ಪೆಟ್ಟಿಗೆ ಬಿಟ್ಟು ಹೊರಗೆ ಬಂದಿಲ್ಲ.

ಇಲ್ಲಿ ಈ ವಾರವೆಲ್ಲ ಗೋದಲಿಯ ಬೊಂಬೆಗಳದೇ ಕೆಲಸ. ಮೊನ್ನೆ ಅತ್ತೆ ಕುರಿ ಕಾಯುವವರ ಪಕ್ಕದಲ್ಲಿ ದೀಪ ಹಿಡಿದ ಒಬ್ಬ ಗಂಡಸನ್ನು ಮಾಡಿಟ್ಟರು. ಇವನು ಯಾರು ಎಂದು ಕೇಳಿದೆ. "ಛತ್ರದವನು. ಕುರಿ ಕಾಯೋರನ್ನ ಕರೆಯೋಕೆ ದೇವದೂತ ಬಂದ, ರಾಜರಿಗೆ ನಕ್ಷತ್ರ ಬಂತು. ತನ್ನ ಹಿತ್ತಲಲ್ಲೇ ಮಗು ಅಳ್ತಿದ್ರೂ ಇವನಿಗೆ ಮಾತ್ರ ಯಾರೂ ಬಾ ಅನ್ನಲಿಲ್ಲ. ಬೆಳಗ್ಗೆ ಗೊತ್ತಾದ್ಮೇಲೆ ಹೇಗೆ ಬದುಕಿದ್ನೋ, ಪಾಪಿ" ಎಂದರು. ಆಮೇಲೆ ನನ್ನ ಹೊಟ್ಟೆಯನ್ನೇ ನೋಡುತ್ತ ಕೇಳಿದರು: "ನಿಮ್ಮಪ್ಪಂಗೆ ಮೀಸೆ ಇದೆಯಾ?"

ನಾನು ಎದ್ದು ಭಟ್ಟಿಯ ಹಿಂದೆ ಹೋಗಿ ಅತ್ತುಬಿಟ್ಟೆ. ಚಿಕ್ಕಂದಿನಿಂದ ಗೋದಲಿ ಕಟ್ಟಿದ್ದೇನೆ, ಅದರಲ್ಲಿ ಬಾಗಿಲು ತೆರೆಯದ ನಮ್ಮಂಥವರು ನಿಲ್ಲಲೂ ಜಾಗವಿದೆ ಎಂದು ಹೊಳೆದಿರಲಿಲ್ಲ.

ಅಮ್ಮ, ನಾವು ಬರುತ್ತಿದ್ದೇವೆ. ಹಿತ್ತಿಲಿನಿಂದ ಬರುವುದಿಲ್ಲ. ಮುಂಬಾಗಿಲನ್ನೇ ತಟ್ಟುತ್ತೇವೆ, ಹಾಡುವುದಿಲ್ಲ. ನೀನು ತೆರೆಯಬೇಡ, ಅಪ್ಪನೇ ತೆರೆಯಬೇಕು. ತೆರೆಯದಿದ್ದರೆ ಹಾಗೇ ಹಿಂದಿರುಗುತ್ತೇವೆ. ಈ ಮಗುವನ್ನು ಆ ಹೊಸ್ತಿಲಿಗೆ ಇನ್ನೊಮ್ಮೆ ತರುವ ಧೈರ್ಯ ನನಗಿರುವುದಿಲ್ಲ.

ನಿನ್ನ ಹುಚ್ಚು ಹುಡುಗಿ,
ಓತಿಲಿಯಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಬಾಗಿಲು ತಟ್ಟುವವಳು ನಾನಲ್ಲ, ಅತ್ತೆ. ಮೀಸೆ ಇಟ್ಟ ಛತ್ರದವನ ಬೊಂಬೆ ಅವರ ಶಾಲಿನೊಳಗಿರುತ್ತದೆ. ನೀವು ಕ್ಷಮಿಸಿದ್ದೀರಿ ಎಂದು ಅಪ್ಪನಿಗೆ ಬರೆಯಲೇ ಎಂದು ಅತ್ತೆಯನ್ನು ಕೇಳಿದೆ. "ಬರೀಬೇಡ. ಅದು ನಂಗೇ ಇನ್ನೂ ಗೊತ್ತಿಲ್ಲ. ಬರ್ತಿದೀನಿ ಅಂತ ಬರಿ, ಸಾಕು" ಎಂದರು. ಡಿಸೆಂಬರ್ 24, ಮಂಗಳವಾರ. ವಾಹಾಕದಿಂದ ಪುಯೆಬ್ಲಾಕ್ಕೆ ಹೋಗುವ ಹಗಲು ರೈಲು, ತೆವಾಕಾನ್‌ನಲ್ಲಿ ಇಳಿಯುತ್ತೇವೆ.